ತೊಗರಿ ಬೇಳೆ ಮಾರುವ ಕಂಪನಿಯ ಹೆಸರನ್ನು ಕಾಯುವ ಬಗೆ

ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ, ಅಂದರೆ ಇದು ಈ ನೆಲದ್ದೇ ವಿಶಿಷ್ಟ ಬೆಳೆ ಎಂಬ ಕಾನೂನಿನ ಗುರುತು, ದೊರೆತಿರುವುದರಿಂದ, ಇಲ್ಲಿನ ರೈತ ಉತ್ಪಾದಕ ಕಂಪನಿಯಾಗಲಿ ದಾಲ್ ಮಿಲ್ ಆಗಲಿ ತನ್ನ ಹೆಸರಿನ ಜೊತೆಗೆ ಇಡೀ ಜಿಲ್ಲೆಯ ಹೆಸರನ್ನೂ ಕಾಯಬೇಕಾಗುತ್ತದೆ. ಆ ಗುರುತನ್ನು ಚೀಲದ ಮೇಲೆ ಮುದ್ರಿಸುವ ಮೊದಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಿ. ಹೊರಗಿನಿಂದ ತಂದ ತೊಗರಿಯನ್ನು ಅದರಲ್ಲಿ ಬೆರೆಸಲೇಬೇಡಿ.

ಪ್ರತಿ ಬ್ಯಾಚಿನಿಂದ ಒಂದಿಷ್ಟು ಬೇಳೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ತುಂಬಿ, ಬ್ಯಾಚ್ ಸಂಖ್ಯೆ, ತಾರೀಖು ಮತ್ತು ತೊಗರಿ ಬಂದ ಊರಿನ ಹೆಸರನ್ನು ಬರೆದು, ಪ್ಯಾಕೆಟ್ಟಿನ ಬಳಕೆಯ ಅವಧಿ ಮುಗಿಯುವವರೆಗೆ ತೆಗೆದಿಡಿ. ನನ್ನ ದೃಷ್ಟಿಯಲ್ಲಿ ಜಾಹೀರಾತಿಗಿಂತ ಇದೇ ಮುಖ್ಯ. “ಬೇಳೆ ಬೇಯುತ್ತಿಲ್ಲ”, “ಬಣ್ಣ ಹಾಕಿದ್ದಾರೆ” ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡತೊಡಗಿದಾಗ ನಿಮ್ಮ ಕೈ ಹಿಡಿಯುವುದು ಈ ಡಬ್ಬಿಯೇ.

ದೂರಿದವರಿಗೆ ಮೊದಲು ಫೋನ್ ಮಾಡಿ, ಸಮಾಧಾನದಿಂದ ಕೇಳಿ, ಬ್ಯಾಚ್ ಸಂಖ್ಯೆ ಬರೆದುಕೊಳ್ಳಿ. ವಾದಕ್ಕಿಳಿಯಬೇಡಿ, ವಕೀಲರ ನೋಟಿಸಿನ ಬೆದರಿಕೆಯನ್ನಂತೂ ಹಾಕಲೇಬೇಡಿ. ಬಣ್ಣದ ಆರೋಪವಿದ್ದರೆ ತೆಗೆದಿಟ್ಟ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ, ವರದಿ ಬರುವ ತನಕ ಆ ಬ್ಯಾಚಿನ ಮಾರಾಟ ನಿಲ್ಲಿಸಿರುವುದನ್ನು ಅಂಗಡಿಕಾರರಿಗೆ ಅಂದೇ ತಿಳಿಸಿ. ತಪ್ಪು ನಿಮ್ಮದೇ ಎಂದು ಗೊತ್ತಾದರೆ ಹಣ ಹಿಂದಿರುಗಿಸಿ, ಕಾರಣವನ್ನು ಸರಳ ಕನ್ನಡದಲ್ಲಿ ಬರೆದು ಪ್ರಕಟಿಸಿ. ವರದಿ ನಿಮ್ಮ ಪರವಾಗಿ ಬಂದರೂ ದೂರಿದವರನ್ನು ಹಂಗಿಸದೆ ವರದಿಯನ್ನಷ್ಟೇ ಮುಂದಿಡಿ.