ಕಾರ್ನೆ ಅಸಾದಾ: ಮಸಾಲೆಗಿಂತ ಕೆಂಡ ಮುಖ್ಯ

ಕಾರ್ನೆ ಅಸಾದಾ ಅಂದರೆ ಸ್ಪ್ಯಾನಿಶ್‌ನಲ್ಲಿ ಕೆಂಡದ ಮೇಲೆ ಸುಟ್ಟ ಮಾಂಸ. ಉತ್ತರ ಮೆಕ್ಸಿಕೋದಲ್ಲಿ ಅದು ಅಡುಗೆಯ ಹೆಸರೂ ಹೌದು, ಒಲೆಯ ಸುತ್ತ ನೆಂಟರು, ಗೆಳೆಯರು ಸೇರುವ ಕೂಟದ ಹೆಸರೂ ಹೌದು. ದನದ ಮಾಂಸಕ್ಕೆ ಹೆಸರಾದ ಸೊನೋರಾ ರಾಜ್ಯದಲ್ಲಿ ಎಷ್ಟೋ ಮಂದಿ ಕಲ್ಲುಪ್ಪು ಬಿಟ್ಟು ಬೇರೇನೂ ಸವರುವುದಿಲ್ಲ. ಅಲ್ಲಿ ಮೆಸ್ಕೀಟ್ ಇದ್ದಿಲಿನ ಹೊಗೆಯೇ ಮಸಾಲೆ. ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿ ಕೂಡ ಅದೇ ಕುಲದ ಮರ. ಅದರ ಇದ್ದಿಲು ಸಿಕ್ಕರೆ ಬಿಡಬೇಡಿ.

ನೆನೆಸಿಟ್ಟು ಸುಡುವುದೂ ರೂಢಿಯಲ್ಲಿದೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಮಾಂಸ ಅರಾಚೆರಾ ಆಗಿರಲಿ. ಅದು ದನದ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು) ಭಾಗ, ತೆಳ್ಳಗೆ, ಉದ್ದ ಎಳೆಎಳೆಯಾಗಿ ಇರುತ್ತದೆ. ಒಂದು ಕಿಲೋಗೆ 3 ನಿಂಬೆಹಣ್ಣು, 1 ಕಿತ್ತಳೆಯ ರಸ, ಜಜ್ಜಿದ 6 ಎಸಳು ಬೆಳ್ಳುಳ್ಳಿ, 2 ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ, 1 ಚಮಚ ಜೀರಿಗೆ ಪುಡಿ, ಎಣ್ಣೆ, ಉಪ್ಪು. ಎಲ್ಲ ಕಲಸಿ, ಮಾಂಸಕ್ಕೆ ಸವರಿ ಫ್ರಿಜ್‌ನಲ್ಲಿಡಿ.

2 ಗಂಟೆ ಸಾಕು, ಜಾಸ್ತಿ ಅಂದರೆ 4. ಮೊಸರಲ್ಲಿ ರಾತ್ರಿಯಿಡೀ ನೆನೆಸಿ ಅಭ್ಯಾಸ ಇರುವವರಿಗೆ ಇದು ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ನಿಂಬೆಯ ಹುಳಿ ತುಂಬ ಹೊತ್ತು ಕೂತರೆ ಮಾಂಸದ ಮೇಲ್ಮೈ ಹಿಟ್ಟುಹಿಟ್ಟಾಗುತ್ತದೆ.

ಇದ್ದಿಲಿನ ಮೇಲೆ ಬಿಳಿ ಬೂದಿ ಮೂಡುವವರೆಗೆ ಕಾಯಿರಿ. ಜಾಲರಿಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿದರೆ ಮೂರು ಸೆಕೆಂಡಿಗೇ ಹಿಂದೆಗೆಯುವಂತಿರಬೇಕು. ಈಗ ಮಾಂಸ ತೆಗೆದು, ಅಂಟಿದ ರಸವನ್ನೆಲ್ಲ ಬಟ್ಟೆಯಿಂದ ಚೆನ್ನಾಗಿ ಒರೆಸಿ. ರುಚಿ ಹೋಯಿತೇನೋ ಅಂತ ಹೆದರಬೇಡಿ. ಒದ್ದೆ ಮಾಂಸ ಬೇಯುತ್ತದೆಯೇ ಹೊರತು ಕಂದು ಬಣ್ಣಕ್ಕೆ ತಿರುಗುವುದಿಲ್ಲ. ಆ ಕಂದು ಪದರದಲ್ಲೇ ಇದರ ರುಚಿಯೆಲ್ಲ ಇದೆ.

ಒಂದೊಂದು ಬದಿಗೆ 3ರಿಂದ 4 ನಿಮಿಷ. ಸುಮ್ನೆ ಒತ್ತುತ್ತಾ ಇರಬೇಡಿ. ಪಕ್ಕದಲ್ಲೇ ಬುಡದ ಗಡ್ಡೆ ಸಹಿತ ಈರುಳ್ಳಿ ಹೂವು, ಟೊಮೆಟೊ, ಮೆಣಸಿನಕಾಯಿ ಸುಟ್ಟುಕೊಳ್ಳಿ. ಟೊಮೆಟೊ, ಮೆಣಸಿನಕಾಯಿಯನ್ನು ಉಪ್ಪು ಹಾಕಿ ಕಲ್ಲಲ್ಲಿ ಜಜ್ಜಿದರೆ ಸಾಲ್ಸಾ ಆಯಿತು.

ಮಾಂಸ ಇಳಿಸಿ 5 ನಿಮಿಷ ಬಿಡಿ. ಆಮೇಲೆ ಎಳೆಗಳು ಯಾವ ಕಡೆ ಓಡಿವೆ ನೋಡಿ, ಅದಕ್ಕೆ ಅಡ್ಡವಾಗಿ ತೆಳ್ಳಗೆ ಕತ್ತರಿಸಿ. ಎಳೆಯ ಉದ್ದಕ್ಕೆ ಕತ್ತರಿಸಿದರೆ ಎಷ್ಟು ಒಳ್ಳೆಯ ಮಾಂಸವೂ ಹಗ್ಗ ಜಗಿದಂತಾಗುತ್ತದೆ.

ಸೊನೋರಾದಲ್ಲಿ ಇದನ್ನು ಗೋಧಿ ಹಿಟ್ಟಿನ ತೋರ್ತಿಯಾದಲ್ಲಿ ಸುತ್ತುತ್ತಾರೆ. ಬಿಸಿ ಚಪಾತಿಯೂ ಚೆನ್ನಾಗಿರುತ್ತದೆ. ಮೇಲೆ ಸಾಲ್ಸಾ, ಸುಟ್ಟ ಈರುಳ್ಳಿ, ಇನ್ನೊಂದು ಹೋಳು ನಿಂಬೆ.