ಓಡುತ್ತಾ ಹೋಗಿ, ತಿಂದು, ಬಸ್ಸಲ್ಲಿ ಬರುವುದು

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಮುಂದೆ ನಿಂತಿರುತ್ತೇನೆ. ಕೈಯಲ್ಲಿ ತಟ್ಟೆ. ಎರಡು ಇಡ್ಲಿ, ಒಂದು ವಡೆ. ಇಲ್ಲಿ ಸಾಂಬಾರ್ ಇಲ್ಲ, 1965ರಿಂದ ನಡೆಯುತ್ತಿರುವ ಈ ಅಂಗಡಿಯಲ್ಲಿ ಏನಿದ್ದರೂ ಚಟ್ನಿ. ತಟ್ಟೆ ಚಾಚಿದರೆ ಸೌಟಿನಲ್ಲಿ ಇಡ್ಲಿ ಮುಳುಗುವ ಹಾಗೆ ಸುರಿಯುತ್ತಾರೆ, ಖಾಲಿಯಾದರೆ ಮತ್ತೆ ಹೋಗಬಹುದು. ಬಿಸಿ ಇಡ್ಲಿಗೆ ತಣ್ಣನೆ ಚಟ್ನಿ ಇಳಿದು, ಅದರ ಅಂಚು ಸ್ವಲ್ಪ ಮೆತ್ತಗಾಗುತ್ತದಲ್ಲ, ಆ ಒಂದು ತುತ್ತಿಗೋಸ್ಕರ ನಾನು ಮನೆಯಿಂದ ಐದು ಕಿಲೋಮೀಟರ್ ಓಡಿ ಬಂದಿರುತ್ತೇನೆ.

ನೇರ ಬಂದರೆ ಅಷ್ಟು ದೂರ ಇಲ್ಲ. ನನ್ನ ಮನೆ ಹನುಮಂತನಗರದಲ್ಲಿ. ಬಸವನಗುಡಿಯ ರಸ್ತೆಗಳಲ್ಲಿ ಬೇಕೆಂದೇ ಸುತ್ತು ಹಾಕಿ ಬರುತ್ತೇನೆ. ತಿಂದ ಮೇಲೆ ವಾಪಸ್ ಓಡುವುದಿಲ್ಲ. ಬಸ್ ಹತ್ತುತ್ತೇನೆ. ಓಡುತ್ತಾ ಹೋಗುವುದು, ತಿನ್ನುವುದು, ಬಸ್ಸಲ್ಲೋ ಮೆಟ್ರೋದಲ್ಲೋ ಬರುವುದು. ಐದು ವರ್ಷದಿಂದ ಇದೊಂದನ್ನೇ ಮಾಡುತ್ತಾ ಬಂದಿದ್ದೇನೆ, ಇದರಿಂದಲೇ ಬೆಂಗಳೂರು ನನಗೆ ಊರು ಅನ್ನಿಸಿದ್ದು.

ನನ್ನೂರು ಕಡೂರು. ಇಲ್ಲಿಗೆ ಬಂದು ಒಂಬತ್ತು ವರ್ಷ. ಮೊದಲ ನಾಲ್ಕು ವರ್ಷ ಈ ಊರನ್ನು ನೋಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ. ಆಫೀಸು, ರೂಮು, ಆಫೀಸು. ಹೊರಗೆ ಹೋಗುವುದು ಅಂದರೆ ಅದೊಂದು ದೊಡ್ಡ ಪ್ಲಾನ್. ಎಂಟು ಜನರ ವಾಟ್ಸಾಪ್ ಗ್ರೂಪ್, ಬುಧವಾರದಿಂದಲೇ ಚರ್ಚೆ, ಶುಕ್ರವಾರ ಇಬ್ಬರು ಬರಲ್ಲ ಅನ್ನುವುದು, ಶನಿವಾರ ಜಾಗ ಬದಲು. ಒಂದು ಭಾನುವಾರ ಅಂತೂ ಎಲ್ಲ ಕೂಡಿ ಬಂತು. ಹೊಸ ರೆಸ್ಟೋರೆಂಟ್, ಊರಿನ ಇನ್ನೊಂದು ಮೂಲೆಯಲ್ಲಿ. ಇಪ್ಪತ್ತು ನಿಮಿಷ ಕಾಯಿರಿ ಅಂದವರು ಒಂದೂವರೆ ಗಂಟೆ ನಿಲ್ಲಿಸಿದರು. ಊಟ ಬರುವಷ್ಟರಲ್ಲಿ ಇಬ್ಬರಿಗೆ ತಲೆನೋವು, ಒಬ್ಬಳಿಗೆ ಪಿಜಿ ಬಾಗಿಲು ಹಾಕುತ್ತಾರೆ ಅನ್ನುವ ಆತಂಕ. ಆಟೋದಲ್ಲಿ ವಾಪಸ್ ಬರುವಾಗ ಒಂದು ಸಿಗ್ನಲ್‌ನಲ್ಲೇ ಎಷ್ಟೋ ಹೊತ್ತು ನಿಂತಿದ್ದೆವು. ಯಾರೂ ಮಾತಾಡಲಿಲ್ಲ. ಇಷ್ಟು ದೊಡ್ಡ ಊರಲ್ಲಿ ಇದ್ದುಕೊಂಡು, ಕೈಯಲ್ಲಿ ದುಡಿದ ದುಡ್ಡು ಇದ್ದು, ಒಂದು ಸಂಜೆ ಖುಷಿಯಾಗಿ ಇರೋಕೆ ಆಗಲ್ಲ ಅಂದ್ರೆ ಹೇಗೆ ಅಂತ ಅವತ್ತು ತುಂಬಾ ಬೇಜಾರಾಯಿತು.

ಓಡಲು ಶುರು ಮಾಡಿದ್ದು ಬೇರೆ ಕಾರಣಕ್ಕೆ. ಕೂತು ಕೂತು ಬೆನ್ನು ನೋವು ಬಂದಿತ್ತು. ಕೃಷ್ಣರಾವ್ ಪಾರ್ಕಿಗೆ ಹೋಗಿ ಒಂದು ನಿಮಿಷ ಓಡುವುದು, ಎರಡು ನಿಮಿಷ ನಡೆಯುವುದು, ಹೀಗೆ ಇಪ್ಪತ್ತು ನಿಮಿಷ. ಮೂರು ತಿಂಗಳು ಅದೇ ಪಾರ್ಕು, ಅದೇ ಸುತ್ತು. ವಾಕಿಂಗ್ ಬರುವ ಹಿರಿಯರಿಗೆ ನಾನು ಪಕ್ಕದಲ್ಲಿ ದಡದಡ ಅಂತ ಹೋದರೆ ಕಷ್ಟ. ಒಬ್ಬರು ಒಂದು ದಿನ ನಿಲ್ಲಿಸಿ ಹೇಳಿದರು, "ನೋಡಮ್ಮ, ನಿನಗೆ ಕಾಲಲ್ಲಿ ಶಕ್ತಿ ಇದೆ, ಇಲ್ಯಾಕೆ ಗಾಣದ ಎತ್ತಿನ ಥರ ಸುತ್ತುತ್ತೀಯ? ಲಾಲ್‌ಬಾಗಿಗೆ ಹೋಗು." ಮರುದಿನವೇ ಹೋದೆ.

ಲಾಲ್‌ಬಾಗ್ ಬಗ್ಗೆ ಸ್ವಲ್ಪ ಹೇಳಲೇಬೇಕು. 240 ಎಕರೆ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ. ಗಾಜಿನ ಮನೆ 1889ರದ್ದು. ಬೆಳಗಿನ ಹೊತ್ತು ವಾಕಿಂಗ್ ಬರುವವರಿಗೆ ಟಿಕೆಟ್ ಇಲ್ಲ. ನಾನು ಪಶ್ಚಿಮದ ಗೇಟಿನಿಂದ ಒಳಗೆ ಹೋಗಿ, ಕೆರೆ ಪಕ್ಕದಿಂದ ಓಡಿ, ಕೊನೆಗೆ ಬಂಡೆ ಹತ್ತುತ್ತೇನೆ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು. ಮೇಲೆ ಕೆಂಪೇಗೌಡರ ಗೋಪುರ. ಬೂಟು ಬಿಚ್ಚಿ ಬರಿಗಾಲಲ್ಲಿ ಆ ಬಂಡೆ ಮೇಲೆ ನಿಂತರೆ ಏಪ್ರಿಲ್ ತಿಂಗಳಲ್ಲೂ ಬೆಳಿಗ್ಗೆ ಕಾಲಿಗೆ ತಣ್ಣಗೆ ಹತ್ತುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಅದಕ್ಕೇ ಇಲ್ಲಿ ಬೇಸಿಗೆಯಲ್ಲೂ ಬೆಳಗಿನ ಓಟ ನಿಲ್ಲಿಸಬೇಕಾಗಿಲ್ಲ. ಕಡೂರಿನಲ್ಲಿ ಅಮ್ಮನ ಮನೆಗೆ ಹೋದಾಗ ಏಳು ಗಂಟೆಗೇ ಬಿಸಿಲು ಚುರುಕು.

ಅವತ್ತು ಬಂಡೆ ಇಳಿದು ಯಾವ ಗೇಟು ಅಂತ ನೋಡದೆ ಇನ್ನೊಂದು ಕಡೆ ಹೊರಗೆ ಬಂದುಬಿಟ್ಟೆ. ನೋಡಿದರೆ ಮೇನ್ ಗೇಟು, ಸ್ವಲ್ಪ ಮುಂದೆ ಎಂಟಿಆರ್. ಹೊಟ್ಟೆ ಚುರುಗುಟ್ಟುತ್ತಿತ್ತು. ಒಬ್ಬಳೇ, ಬೆವರಿದ ಟೀ ಶರ್ಟಿನಲ್ಲಿ, ಹೋಗಲೋ ಬೇಡವೋ ಅಂತ ಫುಟ್‌ಪಾತ್ ಮೇಲೆ ಎರಡು ನಿಮಿಷ ನಿಂತೆ. ಆಮೇಲೆ ಒಳಗೆ ಹೋದೆ. ರವೆ ಇಡ್ಲಿ ತಿಂದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಇದ್ದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ಇದೇ ಹೋಟೆಲಿನವರು ಅಂತ ಕೇಳಿದ್ದೆ. ಮೇಲೆ ಗೋಡಂಬಿ, ಪಕ್ಕದಲ್ಲಿ ಸಾಗು, ಚಿಕ್ಕ ಬಟ್ಟಲಲ್ಲಿ ತುಪ್ಪ. ಎದುರಿನ ಕುರ್ಚಿಯಲ್ಲಿ ಗೊತ್ತಿಲ್ಲದ ಅಜ್ಜ ಪೇಪರ್ ಓದುತ್ತಾ ಕಾಫಿ ಕುಡಿಯುತ್ತಿದ್ದರು. ನನ್ನನ್ನು ಯಾರೂ ತಿರುಗಿ ನೋಡಲಿಲ್ಲ. ಒಬ್ಬಳೇ ಹೋಟೆಲಲ್ಲಿ ಕೂತು ತಿನ್ನುವುದಕ್ಕೆ ನಾಲ್ಕು ವರ್ಷ ಹೆದರಿದ್ದೆನಲ್ಲ, ಆ ಹೆದರಿಕೆ ಅಲ್ಲೇ ಹೋಯಿತು.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಓಟಕ್ಕೆ ಕಿಲೋಮೀಟರ್ ಗುರಿ ಇಡುವುದನ್ನು ಬಿಟ್ಟು ತಿಂಡಿಯ ಗುರಿ ಇಟ್ಟೆ. ದೊಡ್ಡ ಓಟ ಅಂದರೆ ಮಲ್ಲೇಶ್ವರಂ. ಚಾಮರಾಜಪೇಟೆ, ಮೆಜೆಸ್ಟಿಕ್, ಶೇಷಾದ್ರಿಪುರಂ ದಾಟಿ ಹೋದರೆ ನನ್ನ ವಾಚಿನಲ್ಲಿ ಎಂಟು ಕಿಲೋಮೀಟರ್ ಚಿಲ್ಲರೆ. ಭಾನುವಾರ ಮಾತ್ರ ಇದು ಸಾಧ್ಯ, ಯಾಕಂದರೆ ಬೇರೆ ದಿನ ಮೆಜೆಸ್ಟಿಕ್ ಸುತ್ತಮುತ್ತ ಆರೂವರೆಗೇ ಗಿಜಿಗಿಜಿ. ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ ದೋಸೆ, ಇಲ್ಲವಾದರೆ ವೀಣಾ ಸ್ಟೋರ್ಸ್ ಮುಂದೆ ನಿಂತು ಇಡ್ಲಿ. ಭಾನುವಾರ ಮೆಟ್ರೋ ಬೆಳಿಗ್ಗೆ ಏಳಕ್ಕೆ ಶುರುವಾಗುತ್ತದೆ, ತಿಂದು ಮುಗಿಸುವ ಹೊತ್ತಿಗೆ ಸರಿಹೋಗುತ್ತದೆ. ಸಂಪಿಗೆ ರಸ್ತೆಯಲ್ಲಿ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿಯುವುದು. ಒಂದು ಗಂಟೆ ಓಡಿದ ದಾರಿಯನ್ನು ಮೆಟ್ರೋ ಎಷ್ಟು ಬೇಗ ಮುಗಿಸುತ್ತದೆ ಅಂದರೆ ಪ್ರತಿ ಸಲವೂ ಆಶ್ಚರ್ಯವಾಗುತ್ತದೆ.

ಒಂದು ಮಾತು. ಹೋಟೆಲುಗಳ ರಜೆ ಬಾಯಿಪಾಠ ಇರಬೇಕು. ಎಂಟಿಆರ್ ಸೋಮವಾರ ಇಲ್ಲ, ವಿದ್ಯಾರ್ಥಿ ಭವನ ಶುಕ್ರವಾರ ಇಲ್ಲ, ಬ್ರಾಹ್ಮಿನ್ಸ್ ಭಾನುವಾರ ಇಲ್ಲ. ಓಡಿ ಬಂದು ಮುಚ್ಚಿದ ಬಾಗಿಲು ನೋಡುವ ಸಂಕಟ ನನಗೆ ಗೊತ್ತು. ಎಲ್ಲೂ ಇಲ್ಲದಿದ್ದರೆ ದರ್ಶಿನಿಗಳು ಇದ್ದೇ ಇವೆ. ಟೋಕನ್ ತಗೊಂಡು, ನಿಂತು, ಹತ್ತು ನಿಮಿಷದಲ್ಲಿ ತಿಂದು ಹೋಗುವ ಈ ಪದ್ಧತಿ ಒಂಟಿಯಾಗಿ ತಿನ್ನುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ದೊಡ್ಡ ಉಪಕಾರ ಅಂತ ನನ್ನ ಅನಿಸಿಕೆ. ಎಷ್ಟು ಜನ ಮೇಡಂ ಅಂತ ಯಾರೂ ಕೇಳುವುದಿಲ್ಲ.

ಜೊತೆಗೆ ಏನು ಒಯ್ಯುತ್ತೇನೆ ಅಂತ ಕೆಲವರು ಕೇಳುತ್ತಾರೆ. ಸೊಂಟಕ್ಕೆ ಕಟ್ಟುವ ಪೌಚಿನಲ್ಲಿ ಫೋನು, ಬೀಗದ ಕೈ, ಆಧಾರ್ ಕಾರ್ಡು, ಇನ್ನೂರು ರೂಪಾಯಿ ನೋಟು. ಜೊತೆಗೆ ತೆಳ್ಳನೆಯ ಕಾಟನ್ ವೇಲ್ ಒಂದನ್ನು ಮಡಿಸಿ ತುರುಕಿರುತ್ತೇನೆ. ಈ ವೇಲ್ ನಾನು ಕಂಡುಕೊಂಡ ಅತ್ಯಂತ ಉಪಯೋಗದ ವಸ್ತು. ಮುಖ ಒರೆಸಲು ಅದೇ, ಹೋಟೆಲಲ್ಲಿ ಕೂರುವಾಗ ಹೆಗಲ ಮೇಲೆ ಹೊದೆಯಲು ಅದೇ, ಬಸ್ಸಿನಲ್ಲಿ ಗಾಳಿಗೆ ಬೆವರು ಆರಿ ಚಳಿ ಹಿಡಿಯದ ಹಾಗೆ ಸುತ್ತಿಕೊಳ್ಳಲು ಅದೇ. ಆಧಾರ್ ಬಸ್ಸಿಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸುಮ್ನೆ ಯಾವ ಬಸ್ ಬರುತ್ತೋ ಹತ್ತಿ, ತಪ್ಪಾದರೆ ಇಳಿದು ಇನ್ನೊಂದು ಹತ್ತುವ ಧೈರ್ಯ ಬಂತು. ಎಷ್ಟೋ ಗಲ್ಲಿ, ಎಷ್ಟೋ ಹೋಟೆಲು ನನಗೆ ಸಿಕ್ಕಿದ್ದು ಹಾಗೆ ತಪ್ಪು ಬಸ್ ಹತ್ತಿಯೇ.

ಹೊರಡುವ ಮುಂಚೆ ಒಂದು ಏಲಕ್ಕಿ ಬಾಳೆಹಣ್ಣು, ಅರ್ಧ ಲೋಟ ನೀರು. ಅಷ್ಟೇ. ಓಡಿ ಬಂದ ತಕ್ಷಣ ತಿನ್ನುವುದಿಲ್ಲ, ಹತ್ತು ನಿಮಿಷ ನಡೆದಾಡಿ ಉಸಿರು ಸರಿಯಾದ ಮೇಲೆ ತಿನ್ನುತ್ತೇನೆ. ದೋಸೆ ತಿಂದರೆ ಓಡಿದ್ದೆಲ್ಲ ವೇಸ್ಟ್ ಅನ್ನುವವರಿದ್ದಾರೆ. ನಾನು ತೂಕ ಇಳಿಸಲು ಓಡುತ್ತಿಲ್ಲ. ಬೆನ್ನು ನೋವು ಹೋಯಿತು, ನಿದ್ದೆ ಬರುತ್ತದೆ, ದೋಸೆ ರುಚಿಸುತ್ತದೆ.

ಕಷ್ಟಗಳೂ ಇವೆ, ಮುಚ್ಚಿಡಲ್ಲ. ಬೆಳಕು ಹರಿಯುವ ಮುಂಚೆ ನಾನು ರಸ್ತೆಗಿಳಿಯುವುದಿಲ್ಲ. ಬೀದಿ ನಾಯಿಗಳು ಗುಂಪಾಗಿ ಇದ್ದರೆ ಓಟ ನಿಲ್ಲಿಸಿ, ಅವುಗಳ ಕಡೆ ನೋಡದೆ ನಿಧಾನ ನಡೆದು ದಾಟುತ್ತೇನೆ. ಓಡಿದರೆ ಅಟ್ಟಿಸಿಕೊಂಡು ಬರುತ್ತವೆ. ಫುಟ್‌ಪಾತ್ ಅಂತೂ ನಂಬುವ ಹಾಗಿಲ್ಲ. ಎರಡು ವರ್ಷದ ಹಿಂದೆ ಗಾಂಧಿ ಬಜಾರಿನ ಹತ್ತಿರ ಎದ್ದಿದ್ದ ಕಲ್ಲುಚಪ್ಪಡಿಗೆ ಕಾಲು ತಾಗಿ ಮೊಣಕಾಲು ಕಿತ್ತುಹೋಯಿತು. ಹೂ ಕಟ್ಟುತ್ತಾ ಕೂತಿದ್ದ ಅಜ್ಜಿ, ಹೂವಿಗೆ ಚಿಮುಕಿಸಲು ಇಟ್ಟುಕೊಂಡಿದ್ದ ನೀರನ್ನೇ ಗಾಯಕ್ಕೆ ಸುರಿದು, "ಕೂತ್ಕೊ ಮಗ, ಏನ್ ಅವಸರ ನಿಂಗೆ" ಅಂದರು. ಮೂರು ವಾರ ಓಟ ಇಲ್ಲ. ಈಗ ಹೊಸ ರಸ್ತೆ ಆದರೆ ಮೊದಲ ಸಲ ನಡೆದೇ ಹೋಗುತ್ತೇನೆ, ಎರಡನೇ ಸಲ ಓಡುತ್ತೇನೆ. ಆ ಅಜ್ಜಿ ಹತ್ತಿರ ಪ್ರತಿ ವಾರ ಒಂದು ಮೊಳ ಮಲ್ಲಿಗೆ ತಗೊಳ್ಳುತ್ತೇನೆ, ಆ ರಸ್ತೆಯಲ್ಲಿ ಬಂದರೆ ಮಾತಾಡಿಸದೆ ಹೋಗುವ ಹಾಗಿಲ್ಲ.

ಸಂಜೆಯ ಓಡಾಟಕ್ಕೆ ನನ್ನದೊಂದು ನಿಯಮ ಇದೆ. ಕಾರ್ಯಕ್ರಮ ಶುರುವಾಗುವುದಕ್ಕೆ ಎರಡು ಗಂಟೆಗಿಂತ ಹೆಚ್ಚು ಮುಂಚೆ ಯಾರನ್ನೂ ಕರೆಯುವುದಿಲ್ಲ. ಐದೂವರೆಗೆ ಒಂದಿಬ್ಬರಿಗೆ ಫೋನ್ ಮಾಡುತ್ತೇನೆ, ರಂಗಶಂಕರಕ್ಕೆ ಹೋಗ್ತಿದ್ದೀನಿ, ಬರ್ತೀಯಾ ಅಂತ. ಬಂದರೆ ಖುಷಿ. ಬರದಿದ್ದರೆ ನಾನು ಹೋಗುವುದು ಹೋಗುವುದೇ. ಏಳೂವರೆಯ ನಾಟಕ ಏಳೂವರೆಗೇ ಶುರು, ತಡವಾಗಿ ಹೋದರೆ ಒಳಗೆ ಬಿಡುವುದಿಲ್ಲ. ಈ ಶಿಸ್ತು ನನಗೆ ತುಂಬಾ ಇಷ್ಟ. ಎಷ್ಟೋ ಸಲ ಯಾವ ನಾಟಕ ಅಂತ ಗೊತ್ತಿಲ್ಲದೆ ಕೌಂಟರಿನಲ್ಲಿ ಟಿಕೆಟ್ ತಗೊಂಡು ಕೂತಿದ್ದೇನೆ. ರಾಮನವಮಿ ಬಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ವಾರಗಟ್ಟಲೆ ಸಂಗೀತ. ಚಪ್ಪರದ ಹೊರಗೆ ರಸ್ತೆಯಲ್ಲಿ ನಿಂತರೂ ಕೇಳುತ್ತದೆ. ಚಳಿಗಾಲದಲ್ಲಿ ವಿ.ವಿ. ಪುರಂ ಕಡೆ ಹೋದರೆ ಅವರೆಕಾಯಿ ಘಮಲು. ದುಡ್ಡಿನ ಲೆಕ್ಕ ಕೇಳಿದರೆ, ಓಡಾಟಕ್ಕೂ ತಿಂಡಿಗೂ ಸೇರಿ ತಿಂಗಳಿಗೆ 2,500 ರೂಪಾಯಿ ಬೇರೆ ಖಾತೆಗೆ ಹಾಕಿಡುತ್ತೇನೆ. ಫೋನಿನಲ್ಲಿ ಅದರಿಂದ ಮಾತ್ರ ಕೊಡುವುದು. ಮುಗಿದರೆ ಮುಗಿಯಿತು, ಉಳಿದ ದಿನ ಬರೀ ಓಟ.

ವರ್ಷದಲ್ಲಿ ಒಂದು ದಿನಕ್ಕೆ ಮಾತ್ರ ಆಫೀಸಿಗೆ ಮುಂಚೆಯೇ ರಜೆ ಬರೆಯುತ್ತೇನೆ. ಕಾರ್ತೀಕ ಮಾಸದ ಕೊನೆಯ ಸೋಮವಾರ, ಕಡಲೆಕಾಯಿ ಪರಿಷೆ. ಬೆಳಿಗ್ಗೆ ಆರಕ್ಕೆ ಬುಲ್ ಟೆಂಪಲ್ ರಸ್ತೆಗೆ ಬಂದರೆ ಜನ ಇನ್ನೂ ಕಡಿಮೆ. ಎರಡೂ ಕಡೆ ರಾಶಿ ರಾಶಿ ಕಡಲೆಕಾಯಿ. ರಾಶಿಯ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿದವರು ಆಗಷ್ಟೇ ಏಳುತ್ತಿರುತ್ತಾರೆ. ಹಸಿ ಕಾಯಿಗೆ ಇನ್ನೂ ಮಣ್ಣು ಅಂಟಿರುತ್ತದೆ, ಆ ಮಣ್ಣಿನ ವಾಸನೆ, ಪಕ್ಕದಲ್ಲಿ ಹುರಿಯುವ ಬಾಣಲೆಯ ವಾಸನೆ ಎರಡೂ ಒಟ್ಟಿಗೆ ಬರುತ್ತವೆ. ಅಲ್ಲಿ ಓಡೋಕಾಗಲ್ಲ, ಓಡಲೂಬಾರದು. ಒಂದು ಸೇರು ಹಸಿಯದು, ಒಂದು ಸೇರು ಹುರಿದದ್ದು ವೇಲಿನಲ್ಲಿ ಗಂಟು ಕಟ್ಟಿಕೊಂಡು ನಡೆದು ಮನೆಗೆ ಬರುತ್ತೇನೆ.

ಕಳೆದ ವರ್ಷ ಪರಿಷೆಗೆ ಅಮ್ಮ ಬಂದಿದ್ದರು. ಮರುದಿನ ಬೆಳಿಗ್ಗೆ, ಹೋಗೋಣ ಬಾ ಅಂತ ಹಾಗೇ ಎಬ್ಬಿಸಿಕೊಂಡು ಗಾಂಧಿ ಬಜಾರಿಗೆ ಕರೆದುಕೊಂಡು ಹೋದೆ. "ಮನೇಲಿ ದೋಸೆ ಹಿಟ್ಟು ಇದೆಯಲ್ಲೇ, ಯಾಕೆ ದುಡ್ಡು ದಂಡ" ಅಂತ ದಾರಿಯುದ್ದಕ್ಕೂ ಹೇಳುತ್ತಲೇ ಬಂದರು. ವಿದ್ಯಾರ್ಥಿ ಭವನ 1943ರಿಂದ ಇದೆ, ನೀನು ಹುಟ್ಟೋ ಮುಂಚಿಂದ ಅಂದೆ. ಒಳಗೆ ಕೂತೆವು. ಒಂದೇ ಕೈ ಮೇಲೆ ಮೊಣಕೈವರೆಗೂ ತಟ್ಟೆ ಪೇರಿಸಿಕೊಂಡು ಸಪ್ಲೈಯರ್ ಬಂದರು. ಅಮ್ಮ ಮಾತು ನಿಲ್ಲಿಸಿ ನೋಡಿದರು. ದೋಸೆ ಚಿಕ್ಕದು, ದಪ್ಪ, ಹೊರಗೆ ಕೆಂಪಗೆ ಗರಿಗರಿ. ಮೊದಲ ತುಂಡು ಮುರಿದಾಗ ಕರಕ್ ಅಂದಿತು. ಅಮ್ಮ ಏನೂ ಹೇಳದೆ ಪೂರ್ತಿ ತಿಂದರು. ಕೈ ತೊಳೆದು ಬಂದು, "ಮೆಂತ್ಯ ಹಾಕಿರ್ತಾರೆ ಕಣೇ" ಅಂದರು.

ಮೊನ್ನೆ ಫೋನ್ ಮಾಡಿದ್ದರು. ಮುಂದಿನ ವಾರ ಬರುತ್ತಾರಂತೆ. ಶುಕ್ರವಾರ ಬೆಳಿಗ್ಗೆ ಟ್ರೈನಿಗೆ ಬಾ, ನನಗೆ ಸಂಜೆ ಬೇಗ ಮುಗಿಯುತ್ತೆ ಅಂದೆ.

"ಶುಕ್ರವಾರ ಆ ದೋಸೆ ಹೋಟ್ಲು ರಜಾ ಅಲ್ವೇನೇ? ಬುಧವಾರ ರಾತ್ರಿಯೇ ಬರ್ತೀನಿ ಬಿಡು."