ಫ್ಲೈ ಲೈನ್ ಆರಿಸೋದು ಹೇಗೆ? ಡಬ್ಬಿ ಮೇಲಿರೋ ನಂಬರನ್ನ ಮೊದಲು ಅರ್ಥ ಮಾಡ್ಕೊಳ್ಳಿ

ಫ್ಲೈ ಫಿಶಿಂಗ್ ಹೊಸದಾಗಿ ಶುರು ಮಾಡಿದವರು ನೀರಿನ ದಂಡೇಲಿ ನಿಂತು ಒದ್ದಾಡೋದನ್ನ ಎಷ್ಟೋ ಸಲ ನೋಡಿದೀನಿ. ಕೈಯಲ್ಲಿ ಒಳ್ಳೇ ರಾಡ್ ಇರತ್ತೆ, ಬೀಸೋ ರೀತೀನೂ ತೀರಾ ಕೆಟ್ಟದಾಗಿರಲ್ಲ, ಆದ್ರೂ ಲೈನ್ ಮುಂದಕ್ಕೆ ಹೋಗದೆ ಕಾಲ ಹತ್ರಾನೇ ಗುಪ್ಪೆಯಾಗಿ ಬೀಳತ್ತೆ, ಇನ್ನೂ ಜೋರಾಗಿ ಬೀಸ್ತಾರೆ, ಇನ್ನೂ ಹತ್ರ ಬೀಳತ್ತೆ, ಸಂಜೆ ಹೊತ್ತಿಗೆ ಭುಜ ನೋವು, "ನನ್ನ ಕೈಗೆ ಇದು ಒಗ್ಗಲ್ಲ" ಅನ್ನೋ ತೀರ್ಮಾನ. ಅಂಥವರ ರಾಡ್‌ಗೆ ನನ್ನ ರೀಲ್ ಸಿಕ್ಕಿಸಿ ಕೊಟ್ಟಾಗ ಸ್ವಲ್ಪ ಹೊತ್ತಲ್ಲೇ ಲೈನ್ ನೇರವಾಗಿ ಬಿಚ್ಕೊಂಡು ಹೋಗಿದ್ದನ್ನೂ ನೋಡಿದೀನಿ. ಕೈ ಅದೇ, ರಾಡ್ ಅದೇ, ಬದಲಾಗಿದ್ದು ಲೈನ್ ಒಂದೇ.

ಮಾಮೂಲಿ ಗಾಳದಲ್ಲಿ ತುದೀಲಿರೋ ಸೀಸದ ಗುಂಡೋ ಲೂರೋ ಭಾರವಾಗಿರತ್ತೆ, ಅದು ಹಾರ್ತಾ ಹಿಂದಿರೋ ದಾರವನ್ನ ಎಳ್ಕೊಂಡು ಹೋಗತ್ತೆ. ಫ್ಲೈ ಅಂದ್ರೆ ಹುಳದ ಥರ ಕಟ್ಟಿದ ಕೃತಕ ಎರೆ, ಅದಕ್ಕೆ ತೂಕ ಅನ್ನೋದೇ ಇಲ್ಲ, ಒಂದಿಷ್ಟು ಪುಕ್ಕ, ನೂಲು, ಸಣ್ಣ ಕೊಕ್ಕೆ, ಅಷ್ಟೇ. ಇಲ್ಲಿ ನಾವು ಎಸೆಯೋದೇ ಲೈನನ್ನ, ಫ್ಲೈ ಅದರ ಬಾಲ ಹಿಡ್ಕೊಂಡು ಹೋಗತ್ತೆ. ರಾಡನ್ನ ಬಗ್ಗಿಸೋ ಭಾರಾನೂ ಲೈನಿಂದೇ. ಆದ್ರೆ ಜನ ಮಾಡೋದೇನು, ರಾಡ್‌ಗೆ ಧಾರಾಳವಾಗಿ ಕೊಡ್ತಾರೆ, ಫಳಫಳ ಹೊಳೆಯೋ ರೀಲ್‌ಗೆ ಕೊಡ್ತಾರೆ, ಕೊನೇಲಿ ಉಳಿದ ಚಿಲ್ಲರೇಲಿ ಯಾವ್ದೋ ಒಂದು ಲೈನ್. ಇದನ್ನ ತಿರುಗಿಸಿ ಮಾಡಿ. ಸಿಹಿನೀರಿನ ಸಣ್ಣ, ಮಧ್ಯಮ ಮೀನಿಗೆ ರೀಲ್ ಅನ್ನೋದು ಹೆಚ್ಚುಕಮ್ಮಿ ಲೈನ್ ಸುತ್ತಿಡೋ ಜಾಗ, ಅಲ್ಲಿ ಉಳಿಸಿ ಇಲ್ಲಿ ಹಾಕಿ.

ಹೆಜ್ಜೆ 1: ರಾಡ್‌ನ ಹಿಡಿ ಮೇಲ್ಗಡೆ ಬರೆದಿರೋ ನಂಬರ್ ಓದಿ. 4, 5, 6 ಹೀಗೆ ಏನೋ ಇರತ್ತೆ, ಅದೇ ನಂಬರಿನ ಲೈನಿಂದ ಹುಡುಕಾಟ ಶುರು.

ಹೆಜ್ಜೆ 2: ಆ ನಂಬರ್ ಏನು ಅಂತ ಸರಿಯಾಗಿ ತಿಳ್ಕೊಳ್ಳಿ. ಎಲ್ಲರೂ ಎಡವೋದು ಇಲ್ಲೇ, ಅದಕ್ಕೆ ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಮೊದಲನೇ ತಪ್ಪು, ನಂಬರ್ ಅಂದ್ರೆ ಲೈನಿನ ಗಟ್ಟಿತನ ಅಂದ್ಕೊಳ್ಳೋದು. ನೈಲಾನ್ ದಾರದ ಮೇಲೆ ಇಷ್ಟು ಪೌಂಡ್ ಅಂತ ಬರೆದಿರತ್ತಲ್ಲ, ಅದೇ ಥರ ಇದೂ ಅಂತ ತಿಳ್ಕೊಂಡು "ದೊಡ್ಡ ಮೀನಿಗೆ ದೊಡ್ಡ ನಂಬರ್ ಇರ್ಲಿ" ಅಂತ 5ರ ರಾಡ್‌ಗೆ 8ರ ಲೈನ್ ಸುತ್ತಿದವರಿದಾರೆ. ಮೀನು ಎಳೆದಾಗ ಮೊದಲು ಕಿತ್ತೋಗೋದು ತುದೀಲಿ ಫ್ಲೈ ಕಟ್ಟೋ ತೆಳ್ಳಗಿನ ದಾರ, ಅಂದ್ರೆ ಟಿಪ್ಪೆಟ್, ಫ್ಲೈ ಲೈನ್ ಅಲ್ಲ. ಈ ನಂಬರ್ ಹೇಳೋದು ತೂಕವನ್ನ, ಅದೂ ಇಡೀ ಲೈನಿಂದಲ್ಲ, ಮುಂದಿನ 30 ಅಡಿಯದು ಮಾತ್ರ.

ಹಿಂದೆ ರೇಷ್ಮೆ ಲೈನ್ ಇದ್ದಾಗ ದಪ್ಪಕ್ಕೆ ಇಂಗ್ಲಿಷ್ ಅಕ್ಷರದ ಗುರುತಿತ್ತು, ಎಲ್ಲಾ ರೇಷ್ಮೇನೇ ಆಗಿದ್ರಿಂದ ದಪ್ಪ ಗೊತ್ತಾದ್ರೆ ತೂಕಾನೂ ಗೊತ್ತಾಗ್ತಿತ್ತು. ಪ್ಲಾಸ್ಟಿಕ್ ಲೇಪದ ಲೈನ್‌ಗಳು ಬಂದ್ಮೇಲೆ ಆ ಲೆಕ್ಕ ಕೆಟ್ಟೋಯ್ತು, ಒಂದೇ ದಪ್ಪದ ಎರಡು ಲೈನ್ ಬೇರೆ ಬೇರೆ ತೂಕ ಇರೋಕೆ ಶುರುವಾಯ್ತು. ಹಾಗಾಗಿ 1960ರ ಆಸುಪಾಸಿನಲ್ಲಿ ಅಮೆರಿಕದ ತಯಾರಕರ ಸಂಘ ತೂಕದ ಮೇಲೇ ನಂಬರ್ ಕೊಡೋ ಪದ್ಧತಿ ತಂತು. ತೂಕ ಅಳೆಯೋದು ಗ್ರೇನ್‌ನಲ್ಲಿ, ಅದು ಗ್ರಾಂಗಿಂತ ಎಷ್ಟೋ ಸಣ್ಣ ಅಳತೆ. 3ಕ್ಕೆ 100 ಗ್ರೇನ್, 4ಕ್ಕೆ 120, 5ಕ್ಕೆ 140, 6ಕ್ಕೆ 160, 7ಕ್ಕೆ 185, 8ಕ್ಕೆ 210. ಸ್ವಲ್ಪ ಆಚೀಚೆ ಆಗೋಕೆ ಅವಕಾಶ ಇದೆ, 5ರ ಲೈನ್ 134ರಿಂದ 146ರ ಒಳಗಿದ್ರೆ ಅದು 5ನೇ.

ಇಷ್ಟಾದ್ರೆ ಸುಲಭಾನೇ ಇತ್ತು. ತೊಂದರೆ ಏನಂದ್ರೆ ಈಗ ಬರೋ ರಾಡ್‌ಗಳಲ್ಲಿ ತುಂಬಾ ಬಿಗಿ ಇರೋವೇ ಜಾಸ್ತಿ, ಅವುಗಳನ್ನ ಬಗ್ಗಿಸೋಕೆ ಜಾಸ್ತಿ ಭಾರ ಬೇಕು ಅಂತ ಕಂಪನಿಗಳು ಎಷ್ಟೋ ಲೈನ್‌ಗಳನ್ನ ಅರ್ಧ ನಂಬರ್, ಒಮ್ಮೊಮ್ಮೆ ಪೂರ್ತಿ ಒಂದು ನಂಬರ್ ಭಾರವಾಗೇ ಮಾಡಿ ಡಬ್ಬಿ ಮೇಲೆ 5 ಅಂತಾನೇ ಹಾಕ್ತಾರೆ. ಇದು ಗೊತ್ತಿಲ್ಲದೆ ಯಾರೋ ಸ್ನೇಹಿತರು "ರಾಡ್ ಬಿಗಿ ಇದೆ, ಒಂದು ನಂಬರ್ ಮೇಲಿಂದು ತಗೋ" ಅಂತಾರೆ, ಇವರು 6 ತರ್ತಾರೆ, ಅದು ಮೊದಲೇ ಒಂದು ನಂಬರ್ ಭಾರ, ಕೊನೆಗೆ 5ರ ರಾಡ್ ಮೇಲೆ 7ರ ಲೈನ್ ಕೂತಿರತ್ತೆ. ಅದಕ್ಕೇ ಹೇಳೋದು, ನಂಬರ್ ನೋಡಿ ತಗೋಬೇಡಿ, ಗ್ರೇನ್ ನೋಡಿ ತಗೊಳ್ಳಿ. ಒಳ್ಳೇ ಲೈನಾದ್ರೆ ಡಬ್ಬಿ ಮೇಲೋ ಕಂಪನಿಯ ವಿವರದಲ್ಲೋ 30 ಅಡಿಗೆ ಎಷ್ಟು ಗ್ರೇನ್, ಹೆಡ್ (ಮುಂದಿನ ಭಾರದ ಭಾಗ) ಎಷ್ಟು ಉದ್ದ ಅಂತ ಬರೆದೇ ಇರತ್ತೆ. ಎರಡೂ ಇಲ್ಲದ ಲೈನನ್ನ ನಾನು ಮುಟ್ಟಲ್ಲ, ನೀವೂ ಮುಟ್ಟಬೇಡಿ.

ಈಗಾಗಲೇ ಮನೇಲಿ ಒಂದು ಲೈನ್ ಇದೆ, ಡಬ್ಬಿ ಕಳೆದೋಗಿದೆ ಅಂದ್ರೆ ತೂಗಿ ನೋಡಿ. ಗ್ರಾಂನ ದಶಮಾಂಶ ತೋರಿಸೋ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಲೈನ್ ಪೂರ್ತಿ ಒಣಗಿರ್ಬೇಕು. ತುದೀಲಿ ಅರ್ಧದಿಂದ ಒಂದು ಅಡಿ ಒಂದೇ ಸಮ ತೆಳ್ಳಗಿರೋ ಭಾಗ ಇರತ್ತೆ, ಅದನ್ನ ಲೆಕ್ಕಕ್ಕೆ ಸೇರಿಸಬೇಡಿ. ಅಲ್ಲಿಂದ 30 ಅಡಿ, ಅಂದ್ರೆ 9 ಮೀಟರ್ 14 ಸೆಂಟಿಮೀಟರ್ ಅಳೆದು ಪೆನ್ನಲ್ಲಿ ಗುರುತು ಹಾಕಿ, ಅಷ್ಟನ್ನ ಸುರುಳಿ ಸುತ್ತಿ ತಕ್ಕಡಿ ಮೇಲಿಡಿ. ಉಳಿದ ಲೈನ್ ತಕ್ಕಡಿಯಿಂದ ಕೆಳಗೆ ಜೋತಾಡ್ತಿದ್ರೆ ಅದರ ಭಾರಾನೂ ಸೇರ್ಕೊಂಡು ಲೆಕ್ಕ ತಪ್ಪತ್ತೆ, ಹಾಗಾಗಿ ತಕ್ಕಡಿಯಷ್ಟೇ ಎತ್ತರಕ್ಕೆ ಪಕ್ಕದಲ್ಲಿ ಒಂದೆರಡು ಪುಸ್ತಕ ಜೋಡಿಸಿ ಉಳಿದದ್ದನ್ನ ಅದರ ಮೇಲಿಡಿ. 7.8 ಗ್ರಾಂ ಬಂದ್ರೆ 4, 9.1 ಬಂದ್ರೆ 5, 10.4 ಬಂದ್ರೆ 6, 12 ಬಂದ್ರೆ 7. 5 ಅಂತ ತಂದಿದ್ದು 10 ಗ್ರಾಂ ದಾಟಿ ತೂಗಿದ್ದನ್ನ ನಾನೇ ನೋಡಿದೀನಿ.

ಇನ್ನೊಂದು ವಿಷಯ ಬಾಕಿ ಇದೆ. ಈ ಲೆಕ್ಕ ಎಲ್ಲಾ 30 ಅಡಿ ಲೈನ್ ಗಾಳೀಲಿದ್ದಾಗಿಂದು. ನೀವು ಸಣ್ಣ ಹಳ್ಳದಲ್ಲಿ 15-20 ಅಡಿ ದೂರಕ್ಕೆ ಮಾತ್ರ ಹಾಕೋರಾದ್ರೆ ರಾಡ್ ಮೇಲೆ ಬೀಳೋ ಭಾರ ಕಮ್ಮಿ, ಅಲ್ಲಿ ಅರ್ಧ ನಂಬರ್ ಭಾರದ ಲೈನ್ ನಿಜವಾಗ್ಲೂ ಸಹಾಯ ಮಾಡತ್ತೆ. ದೊಡ್ಡ ಕೆರೇಲಿ 45 ಅಡಿ ಗಾಳೀಲಿ ಹಿಡ್ಕೊಂಡು ಬೀಸೋರಾದ್ರೆ ಅದೇ ಲೈನ್ ಅತಿಯಾಗತ್ತೆ. ಹಾಗಾಗಿ ನಿಮ್ಮ ದೂರ ಎಷ್ಟು ಅಂತ ಪ್ರಾಮಾಣಿಕವಾಗಿ ಅಳೆಯಿರಿ, ಹುಲ್ಲಿನ ಮೇಲೆ ನಾಲ್ಕು ಸಲ ಬೀಸಿ ಟೇಪ್ ಹಿಡೀರಿ, ಹೆಚ್ಚಿನವರ ದೂರ ಅವರು ಅಂದ್ಕೊಂಡಿದ್ದಕ್ಕಿಂತ ಕಮ್ಮೀನೇ ಇರತ್ತೆ. ಭಾರ ಜಾಸ್ತಿ ಆಗಿದ್ರೆ ರಾಡ್ ಹಿಡಿ ತನಕ ಬಾಗತ್ತೆ, ಗಾಳೀಲಿ ಲೈನ್ ಬಾಗಿ ಮಾಡೋ ಕುಣಿಕೆ ಅಗಲವಾಗಿ ಸೋಮಾರಿ ಥರ ಹೋಗತ್ತೆ, ನೀರಿಗೆ ದೊಪ್ ಅಂತ ಬೀಳತ್ತೆ. ಕಮ್ಮಿ ಆಗಿದ್ರೆ ಕೈಗೆ ರಾಡ್ ಬಾಗಿದ್ದೇ ಗೊತ್ತಾಗಲ್ಲ, ಬರೀ ಕೋಲು ಬೀಸಿದ ಹಾಗಿರತ್ತೆ, ನಾನು ಮೊದಲು ಹೇಳಿದ ಗುಪ್ಪೆ ಬೀಳೋದು ಸಾಮಾನ್ಯವಾಗಿ ಇದರಿಂದಾನೇ.

ಹೆಜ್ಜೆ 3: ಟೇಪರ್, ಅಂದ್ರೆ ಲೈನಿನ ಆಕಾರ. ಫ್ಲೈ ಲೈನ್ ಉದ್ದಕ್ಕೂ ಒಂದೇ ದಪ್ಪ ಇರಲ್ಲ. ವೇಟ್ ಫಾರ್ವರ್ಡ್ ಅನ್ನೋದ್ರಲ್ಲಿ ಭಾರ ಎಲ್ಲಾ ಮುಂದಿನ ಭಾಗದಲ್ಲಿ, ಅದನ್ನೇ ಹೆಡ್ ಅನ್ನೋದು, ಅದರ ಹಿಂದೆ ಕೊನೇ ತನಕ ತೆಳ್ಳಗಿನ ರನ್ನಿಂಗ್ ಲೈನ್. ಡಬಲ್ ಟೇಪರ್‌ನಲ್ಲಿ ನಡುವೆ ಉದ್ದಕ್ಕೂ ದಪ್ಪ, ಎರಡೂ ತುದಿ ಸಣ್ಣ. ಡಬ್ಬಿ ಮೇಲೆ ಡಬ್ಲ್ಯೂಎಫ್-5-ಎಫ್ ಅಂತಿದ್ರೆ ವೇಟ್ ಫಾರ್ವರ್ಡ್, 5ನೇ ನಂಬರ್, ಫ್ಲೋಟಿಂಗ್ ಅಂತ ಅರ್ಥ. ಡಿಟಿ ಅಂತಿದ್ರೆ ಡಬಲ್ ಟೇಪರ್. ಕೊನೇ ಅಕ್ಷರ ಎಸ್ ಆಗಿದ್ರೆ ಮುಳುಗೋ ಲೈನ್.

ಮೊದಲನೇ ಲೈನ್ ವೇಟ್ ಫಾರ್ವರ್ಡೇ ಆಗಿರ್ಲಿ. 30 ಅಡಿ ಒಳಗೆ ಎರಡರ ನಡವಳಿಕೆಯಲ್ಲಿ ಅಂಥ ವ್ಯತ್ಯಾಸ ಇಲ್ಲ, ದೂರ ಹೋಗ್ಬೇಕಾದಾಗ ವೇಟ್ ಫಾರ್ವರ್ಡ್‌ನ ಸಣ್ಣ ರನ್ನಿಂಗ್ ಲೈನ್ ಸಲೀಸಾಗಿ ಜಾರ್ಕೊಂಡು ಹೋಗತ್ತೆ. ಆದ್ರೆ ಡಬಲ್ ಟೇಪರ್‌ನ ಹಳೇ ಕಾಲದ್ದು ಅಂತ ತಳ್ಳಿಹಾಕೋರನ್ನ ಕಂಡ್ರೆ ನನಗೆ ಬೇಜಾರಾಗತ್ತೆ. ಹಿಂದ್ಗಡೆ ಮರ ಪೊದೆ ಇರೋ ಕಡೆ ರೋಲ್ ಕಾಸ್ಟ್ ಮಾಡೋಕೆ, ಅಂದ್ರೆ ಲೈನನ್ನ ಹಿಂದಕ್ಕೆ ಹಾರಿಸದೆ ಮುಂದಕ್ಕೇ ಉರುಳಿಸಿ ಹಾಕೋಕೆ, ಹರಿಯೋ ನೀರಲ್ಲಿ ಬಿದ್ದಿರೋ ಲೈನನ್ನ ಎತ್ತಿ ಪಕ್ಕಕ್ಕೆ ಹಾಕೋಕೆ ಅದರಷ್ಟು ಹಿತವಾದ್ದು ಇನ್ನೊಂದಿಲ್ಲ, ಮೇಲಾಗಿ ಒಂದು ತುದಿ ಸವೆದ್ರೆ ತಿರುಗಿಸಿ ಸುತ್ಕೊಂಡ್ರೆ ಇನ್ನೊಂದು ಹೊಸ ಲೈನೇ ಸಿಕ್ಕಂಗೆ.

ಹೆಡ್ 30 ಅಡಿ ಸುತ್ತಮುತ್ತ ಇದ್ರೆ ಬೇಗ ರಾಡ್ ಬಾಗತ್ತೆ, ಭಾರದ ಫ್ಲೈ ಹಾಕೋಕೆ ಚೆನ್ನಾಗಿರತ್ತೆ, ಆದ್ರೆ ಹೆಡ್ ಪೂರ್ತಿ ಹೊರಗೆ ಹೋದ್ಮೇಲೆ ಕೈಯಲ್ಲಿ ಹಿಡಿತ ಸಿಗಲ್ಲ, ತೆಳ್ಳಗಿನ ರನ್ನಿಂಗ್ ಲೈನ್ ಮುಂದಿರೋ ದಪ್ಪವನ್ನ ತಳ್ಳೋಕಾಗಲ್ಲ. ನನ್ನ ಆಯ್ಕೆ 40 ಅಡಿ ಆಸುಪಾಸಿನ ಹೆಡ್, ಮುಂದಿನ ಟೇಪರ್ ಸ್ವಲ್ಪ ಉದ್ದಕ್ಕೆ ಸಣ್ಣ ಆಗ್ತಾ ಹೋಗೋದು. ಮುಂದಿನ ಟೇಪರ್ ಉದ್ದ ಇದ್ರೆ ಸಣ್ಣ ಡ್ರೈ ಫ್ಲೈ ನೀರಿನ ಮೇಲೆ ಸದ್ದಿಲ್ಲದೆ ಇಳಿಯತ್ತೆ. ಮೋಟಾಗಿದ್ರೆ ಸಣ್ಣ ಮೀನಿನ ಥರ ಕಾಣೋ ದೊಡ್ಡ ಫ್ಲೈ, ಅಂದ್ರೆ ಸ್ಟ್ರೀಮರ್ ಹಾಕೋಕೆ ಬೇಕಾದ ಜೋರು ಇರತ್ತೆ, ನಾಜೂಕು ಇರಲ್ಲ.

ಹೆಜ್ಜೆ 4: ತೇಲೋದೋ ಮುಳುಗೋದೋ? ತೇಲೋದು. ಒಂದೇ ಲೈನ್ ತಗೊಳ್ಳೋದಾದ್ರೆ ಇದರಲ್ಲಿ ಎರಡನೇ ಮಾತಿಲ್ಲ, ನೀರಿನ ಮೇಲಿನ ಫ್ಲೈಗೂ ಆಗತ್ತೆ, ಉದ್ದ ಲೀಡರ್ (ಲೈನಿಗೂ ಫ್ಲೈಗೂ ನಡುವಿನ ತೆಳು ದಾರ) ಕಟ್ಟಿ ತೂಕದ ನಿಂಫ್, ಅಂದ್ರೆ ನೀರೊಳಗಿನ ಮರಿಹುಳದ ಥರದ ಫ್ಲೈ ಹಾಕಿದ್ರೆ ಕೆಲವು ಅಡಿ ಆಳಕ್ಕೂ ಆಗತ್ತೆ. ಪಿವಿಸಿ ಲೇಪ ತನ್ನಷ್ಟಕ್ಕೆ ನೀರಿಗಿಂತ ಭಾರ, ಅದಕ್ಕೇ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಟೊಳ್ಳು ಗಾಜಿನ ಗುಳ್ಳೆ ಸೇರಿಸಿ ತೇಲೋ ಹಾಗೆ ಮಾಡಿರ್ತಾರೆ. ತುದೀಲಿ ಲೇಪ ತೆಳು, ಹಾಗಾಗಿ ಕೊಳೆ ಹಿಡಿದ್ರೆ ಮೊದಲು ಮುಳುಗೋದೂ ತುದೀನೇ, ಲೈನ್ ಕೆಟ್ಟೋಯ್ತು ಅಂತ ಎಸೀಬೇಡಿ, ತೊಳೆದು ನೋಡಿ.

ಆಳದ ಕೆರೆಗೆ ಎರಡನೇ ಲೈನ್ ಬೇಕಾದಾಗ ಮುಳುಗೋದ್ರ ಬಗ್ಗೆ ಯೋಚಿಸಿ. ಅದರಲ್ಲಿ ಟಂಗ್‌ಸ್ಟನ್ ಪುಡಿ ಸೇರಿಸಿರ್ತಾರೆ, ಸೆಕೆಂಡಿಗೆ ಎಷ್ಟು ಇಂಚು ಇಳಿಯತ್ತೆ ಅಂತ ಬರೆದಿರ್ತಾರೆ. ಟೈಪ್ 3 ಅಂದ್ರೆ ಸುಮಾರು 3 ಇಂಚು, ಅಂದ್ರೆ 5 ಅಡಿ ಇಳಿಯೋಕೆ ಇಪ್ಪತ್ತು ಎಣಿಸ್ಬೇಕು. ಮೀನು ತಗುಲಿದ ಎಣಿಕೆ ನೆನಪಿಟ್ಕೊಂಡು ಮುಂದಿನ ಸಲಾನೂ ಅಷ್ಟೇ ಎಣಿಸಿ.

ಹೆಜ್ಜೆ 5: ನೀರಿನ ಬಿಸಿ, ತಂಪು ನೋಡಿ. ಇದನ್ನ ಯಾರೂ ಕೇಳೋದೇ ಇಲ್ಲ. ತಣ್ಣೀರಿಗೆ ಅಂತ ಮಾಡಿದ ಮೆತ್ತನೆ ಲೈನ್ ಸುಡುಬಿಸಿಲಲ್ಲಿ ಇನ್ನೂ ಮೆತ್ತಗಾಗಿ ಅಂಟಂಟಾಗತ್ತೆ, ರಾಡ್‌ನ ರಿಂಗ್‌ಗಳಲ್ಲಿ ಜಾರೋದೇ ಇಲ್ಲ. ಬಿಸಿ ಪ್ರದೇಶಕ್ಕೆ ಅಂತ ಗಟ್ಟಿ ತಿರುಳು ಹಾಕಿ ಮಾಡಿದ್ದು ತಣ್ಣೀರಲ್ಲಿ ಸ್ಪ್ರಿಂಗ್ ಥರ ಸುರುಳಿ ಸುರುಳಿಯಾಗಿ ನಿಲ್ಲತ್ತೆ. ನೀವು ಹೆಚ್ಚು ದಿನ ನಿಲ್ಲೋ ನೀರು ಎಂಥದ್ದೋ ಅದಕ್ಕೆ ತಕ್ಕಂಥದ್ದೇ ತಗೊಳ್ಳಿ.

ಹೆಜ್ಜೆ 6: ಬಣ್ಣ ನಿಮ್ಮ ಕಣ್ಣಿಗೆ ಚೆನ್ನಾಗಿ ಕಾಣೋದಿರ್ಲಿ, ಮೀನಿಗೆ ಕಂಡೀತು ಅನ್ನೋ ಚಿಂತೆ ಬೇಡ, ನಡುವೆ 9 ಅಡಿ ಲೀಡರ್ ಇರತ್ತಲ್ಲ. ತುದೀಲಿ ಲೀಡರ್ ಸಿಕ್ಕಿಸೋ ಕುಣಿಕೆ ಬೆಸೆದೇ ಬಂದಿದ್ರೆ ಇನ್ನೂ ಒಳ್ಳೇದು.

ಇಲ್ಲಿ ಕೆಲವು ಮಾಲುಗಳ ಬಗ್ಗೆ ಹೇಳ್ಲೇಬೇಕು. "4/5/6ಕ್ಕೆ ಆಗತ್ತೆ" ಅಂತ ಒಂದೇ ಡಬ್ಬೀಲಿ ಮೂರು ನಂಬರ್ ಹಾಕಿರೋದನ್ನ ತಗೋಬೇಡಿ. 4ರಿಂದ 6ರ ನಡುವೆ 40 ಗ್ರೇನ್ ಅಂತರ ಇದೆ, ಒಂದು ಲೈನ್ ಮೂರೂ ತೂಕ ತೂಗೋಕೆ ಸಾಧ್ಯಾನೇ ಇಲ್ಲ. ರಾಡ್-ರೀಲ್ ಸೆಟ್ ಜೊತೆ ಬರೋ ಲೈನನ್ನ ತೂಗದೆ ನಂಬಬೇಡಿ. ಮೇಲ್ಮೈ ಒರಟಾಗಿರೋ ಟೆಕ್ಸ್ಚರ್ಡ್ ಲೈನ್‌ಗಳು ದೂರ ಹೋಗತ್ತೆ, ಚೆನ್ನಾಗಿ ತೇಲತ್ತೆ, ನಿಜ, ಆದ್ರೆ ರಿಂಗ್‌ಗಳಲ್ಲಿ ಕರಕರ ಅಂತ ಸದ್ದು ಮಾಡತ್ತೆ, ಇಡೀ ದಿನ ಎಳೆದ್ರೆ ಬೆರಳು ಗೀರತ್ತೆ, ನನಗೆ ನುಣುಪಿಂದೇ ಇಷ್ಟ.

ಹೆಜ್ಜೆ 7: ಸುತ್ತೋದು. ಮೊದಲು ಬ್ಯಾಕಿಂಗ್, ಅಂದ್ರೆ ಲೈನಿನ ಹಿಂದೆ ರೀಲ್‌ಗೆ ಕಟ್ಟೋ ದಾರ, 20 ಪೌಂಡ್ ಡೇಕ್ರಾನ್ ಸಾಕು, ಅದಕ್ಕೆ ಲೈನ್. ವೇಟ್ ಫಾರ್ವರ್ಡ್ ಲೈನಲ್ಲಿ ಒಂದು ತುದಿಗೆ "ಈ ಕಡೆ ರೀಲ್‌ಗೆ" ಅಂತ ಸಣ್ಣ ಚೀಟಿ ಅಂಟಿಸಿರ್ತಾರೆ, ಅದನ್ನ ಕಿತ್ತೆಸೆದು ತಿರುಗಾಮುರುಗಾ ಸುತ್ತಿ, ಬರೀ ರನ್ನಿಂಗ್ ಲೈನ್ ಇಟ್ಕೊಂಡು ಬೀಸ್ತಾ ಇದ್ದವರನ್ನೂ ಕಂಡಿದೀನಿ. ಚೀಟಿ ಕಾಣದಿದ್ರೆ ಎರಡು ತುದಿಯಿಂದಲೂ ಹದಿನೈದು ಅಡಿ ಬಿಚ್ಚಿ ಬೆರಳಲ್ಲಿ ಹಿಸುಕಿ ನೋಡಿ, ದಪ್ಪ ಆಗ್ತಾ ಹೋಗೋದು ಮುಂದಿನ ತುದಿ, ಹಾಗೇ ತೆಳ್ಳಗಿರೋದು ರೀಲ್‌ಗೆ.

ಆಮೇಲಿನ ಆರೈಕೆ ದೊಡ್ಡದೇನಲ್ಲ. ಉಗುರುಬೆಚ್ಚಗಿನ ನೀರು, ಸ್ವಲ್ಪ ಮೆದು ಸೋಪು, ಮೆತ್ತನೆ ಬಟ್ಟೇಲಿ ಒರೆಸಿ. ಸೊಳ್ಳೆಗೆ ಹಚ್ಚೋ ಡೀಟ್ ಇರೋ ಕ್ರೀಮ್, ಸನ್‌ಸ್ಕ್ರೀನ್, ಪೆಟ್ರೋಲ್ ಇವು ಲೇಪವನ್ನ ತಿಂದುಬಿಡತ್ತೆ, ಕೈ ತೊಳೆದೇ ಲೈನ್ ಮುಟ್ಟಿ. ಪ್ರಾಕ್ಟೀಸ್ ಹುಲ್ಲಿನ ಮೇಲೆ, ಸಿಮೆಂಟ್ ಮೇಲೆ ಬೇಡ. ಬಿಸಿಲಲ್ಲಿ ನಿಂತ ಕಾರಲ್ಲಿ ರೀಲ್ ಬಿಟ್ಟು ಬರಬೇಡಿ. ಆಮೇಲೆ ಒಂದು ಚೂರು ಟೇಪ್ ಮೇಲೆ ಲೈನಿನ ಗುರುತು, 30 ಅಡಿಗೆ ಎಷ್ಟು ಗ್ರೇನ್, ಸುತ್ತಿದ ತಿಂಗಳು ಬರೆದು ರೀಲಿನ ಸ್ಪೂಲ್‌ಗೆ ಅಂಟಿಸಿ, ಮುಂದಿನ ಸಲ ತಕ್ಕಡಿ ತೆಗೆಯೋ ಕೆಲಸ ಇರಲ್ಲ.